ನ್ಯಾಯಾಧೀಶರಿಗೂ ಏಕವಚನ

ಇಂಗ್ಲಿಷಿಗೂ ಒಂದು ಕಾಲಕ್ಕೆ ‘ನೀನು’ ಇತ್ತು: ‘ದೌ’. ಫ್ರೆಂಚರನ್ನು ನೋಡಿ ದೊಡ್ಡವರಿಗೆ ಬಹುವಚನದ ‘ಯೂ’ ಹಚ್ಚುವ ರೂಢಿ ಬೆಳೆದ ಮೇಲೆ ‘ದೌ’ ಸಲುಗೆಗೆ, ಸೇವಕರಿಗೆ, ಜಗಳಕ್ಕೆ ಉಳಿಯಿತು. 1603ರಲ್ಲಿ ರಾಜದ್ರೋಹದ ಆರೋಪ ಹೊತ್ತು ನಿಂತ ವಾಲ್ಟರ್ ರ್‍ಯಾಲೆಯ ಮೇಲೆ ಸರಕಾರಿ ವಕೀಲ ಎಡ್ವರ್ಡ್ ಕೋಕ್ ಬೇಕೆಂದೇ ಏಕವಚನ ಎಸೆದ. (ನಮ್ಮ ಠಾಣೆಗಳಲ್ಲಿ ‘ನೀವು’ ಹಠಾತ್ತನೆ ‘ನೀನು’ ಆಗುತ್ತದಲ್ಲ, ಹಾಗೆ.)

ಅರ್ಧ ಶತಮಾನದ ಬಳಿಕ ಕ್ವೇಕರ್ ಪಂಥದವರು ಅದೇ ‘ದೌ’ವನ್ನು ನ್ಯಾಯಾಧೀಶರಿಗೂ ಬಳಸಿದರು. ಒಬ್ಬ ಮನುಷ್ಯನಿಗೆ ಬಹುವಚನವೆಂದರೆ ಸುಳ್ಳು, ಮುಖಸ್ತುತಿ ಎಂಬುದು ಅವರ ವಾದ. ಬೈಗುಳ, ಏಟು ಎರಡೂ ಬಿದ್ದವು. ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರು ಜಗ್ಗಲಿಲ್ಲ. 1660ರಲ್ಲಿ ಹತ್ತಾರು ಭಾಷೆಗಳ ವ್ಯಾಕರಣವನ್ನೇ ಸಾಕ್ಷಿಗೆ ಕರೆದು ಪುಸ್ತಕ ಅಚ್ಚುಹಾಕಿಸಿದರು.

ಸಮಾನತೆಯೇನೋ ಬಂತು, ಎದುರು ದಿಕ್ಕಿನಿಂದ: ಸೇವಕನೂ ‘ಯೂ’ ಆದ. ‘ದೌ’ ಪ್ರಾರ್ಥನೆಗೆ ಸರಿಯಿತು. ಅಲ್ಲಿ ಅದೀಗ ಭಾರೀ ಗೌರವದ ಮಾತಿನಂತೆ ಕೇಳಿಸುತ್ತದೆ.