ಲ್ಯಾಂಡಿಂಗ್ ಗೇರ್ ವೈಫಲ್ಯ (ಸಣ್ಣ ವಿಮಾನಗಳಲ್ಲಿ)

ವಿಮಾನ ಇಳಿಯುವಾಗ ಚಕ್ರಗಳು ಹೊರಬಾರದಿರುವುದು, ಹೊರಬಂದರೂ ಭದ್ರವಾಗಿ ನಿಲ್ಲದೆ ಮಡಚಿಕೊಳ್ಳುವುದು, ಇಲ್ಲವೇ ಚಕ್ರದ ಕಾಲು ಮುರಿಯುವುದು. ಪೈಲಟ್ ಚಕ್ರ ಇಳಿಸಲು ಮರೆಯುವುದನ್ನು ಇದರಿಂದ ಬೇರ್ಪಡಿಸಿ ನೋಡುವುದುಂಟಾದರೂ ಇತಿಹಾಸದಲ್ಲಿ ಎರಡೂ ಹೆಣೆದುಕೊಂಡೇ ಬಂದಿವೆ.

1903ರ ರೈಟ್ ಸಹೋದರರ ವಿಮಾನಕ್ಕೆ ಚಕ್ರಗಳೇ ಇರಲಿಲ್ಲ. ಹಳಿಯ ಮೇಲಿಂದ ಹೊರಟು ಮರದ ಜಾರುಪಟ್ಟಿಗಳ ಮೇಲೆ ಇಳಿಯುತ್ತಿತ್ತು. 1920ರ ಗಾರ್ಡನ್ ಬೆನೆಟ್ ಪಂದ್ಯಕ್ಕೆ ಬಂದ ಡೇಟನ್-ರೈಟ್ ಆರ್‌ಬಿ-1ರ ಪೈಲಟ್ ಹಿಡಿಕೆ ತಿರುಗಿಸಿ ಚಕ್ರಗಳನ್ನು ಒಳಗೆಳೆದುಕೊಳ್ಳುತ್ತಿದ್ದ. ಗಾಳಿಯ ತಡೆ ತಗ್ಗಿ ವೇಗ ಹೆಚ್ಚಿತು, ಕೆಡಬಹುದಾದ ಭಾಗಗಳೂ ಹೆಚ್ಚಿದವು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಸುರಕ್ಷಿತವಾಗಿ ಇಳಿದ ಮೇಲೆ ರನ್‌ವೇಯಲ್ಲೇ ಕುಸಿಯುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಎತ್ತಲು ಹೋಗಿ ಚಕ್ರ ಎತ್ತುತ್ತಿದ್ದರು. ಮನೋವಿಜ್ಞಾನಿ ಆಲ್ಫೋನ್ಸ್ ಚಾಪನಿಸ್ ಕಾಕ್‌ಪಿಟ್ ನೋಡಿದಾಗ ಎರಡರ ನಿಯಂತ್ರಣಗಳೂ ಒಂದೇ ರೂಪದಲ್ಲಿ ಅಕ್ಕಪಕ್ಕದಲ್ಲೇ ಇದ್ದವು! ಒಂದಕ್ಕೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯ ಆಕಾರ ಕೊಡುವುದು ಆತ ಸೂಚಿಸಿದ ಪರಿಹಾರ. ಅದೇ ಮುಂದೆ ವಿಮಾನ ವಿನ್ಯಾಸದ ನಿಯಮವಾಯಿತು.

ಆದರೂ ಪಾಠ ಸಣ್ಣ ವಿಮಾನಗಳಿಗೆ ತಲುಪಲು ತಡವಾಯಿತು. 1947ರಲ್ಲಿ ಮಾರುಕಟ್ಟೆಗೆ ಬಂದ ಬೀಚ್‌ಕ್ರಾಫ್ಟ್ ಬೊನಾಂಜಾದಲ್ಲಿ ಈ ಎರಡು ಸ್ವಿಚ್‌ಗಳ ಜಾಗ ಉಳಿದ ವಿಮಾನಗಳಿಗೆ ತಿರುವುಮುರುವಾಗಿತ್ತು. ಇಂಥ ಅಪಘಾತಗಳಿಗೆ ವಿನ್ಯಾಸವೂ ಹೊಣೆ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1980ರಲ್ಲಿ ವರದಿ ಮಾಡಿತು. ಕಂಪನಿ 1984ರಲ್ಲಿ ಜಾಗ ಬದಲಿಸಿತು. ಪೈಪರ್ ಆ್ಯರೋ (1967) ಬೇರೆ ದಾರಿ ಹಿಡಿಯಿತು: ವೇಗ ತಗ್ಗಿದರೆ ಚಕ್ರಗಳು ತಾವಾಗಿ ಇಳಿಯುತ್ತಿದ್ದವು. ಎಂಜಿನ್ ನಿಂತು ತೇಲಿಕೊಂಡು ದೂರ ಸಾಗಬೇಕಾದಾಗಲೂ ಇಳಿಯುತ್ತಿದ್ದುದರಿಂದ ಈ ಜಾಣತನವನ್ನು ಮುಂದೆ ಕೈಬಿಡಲಾಯಿತು.

ಯಾಂತ್ರಿಕ ದೋಷಕ್ಕೆ ಆ್ಯರೋದ ಉಪಾಯ ಮಾತ್ರ ಸೊಗಸಾದುದು. ಅದರ ಚಕ್ರಗಳನ್ನು ಮೇಲೆ ಹಿಡಿದಿಡುವುದೇ ಹೈಡ್ರಾಲಿಕ್ ಒತ್ತಡ. ಒತ್ತಡ ಸೋರಿಹೋದರೆ ತಮ್ಮ ಭಾರಕ್ಕೆ ಕೆಳಗೆ ಬೀಳುತ್ತವೆ. ಸೆಸ್ನಾ 210ರಲ್ಲಿ ಕೈಪಂಪು ಒತ್ತಬೇಕು. ಯಾವುದೂ ಫಲಿಸದಿದ್ದರೆ ಹೊಟ್ಟೆಯ ಮೇಲೆ ಇಳಿಸುವುದೇ ಗತಿ. ಇದರಲ್ಲಿ ಸಾವು ಅಪರೂಪ. ಪ್ರೊಪೆಲ್ಲರ್ ಬಾಗುತ್ತದೆ, ಒಳಪೆಟ್ಟಿನ ಶಂಕೆಯಿಂದ ಎಂಜಿನ್ ಬಿಚ್ಚಿ ನೋಡಬೇಕಾಗುತ್ತದೆ.

ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿ-2 (1951), ಎನ್‌ಎಎಲ್‌ನ ಹಂಸ (1993) ತರಬೇತಿ ವಿಮಾನಗಳಿಗೆ ಮಡಚದ ಚಕ್ರಗಳನ್ನೇ ಇಡಲಾಯಿತು. ಅವುಗಳಲ್ಲಿ ಮರೆವಿಗೆ ಎಡೆಯಿಲ್ಲ. ಕಲಿಯುವವರು ಒರಟಾಗಿ ಇಳಿಸಿದಾಗ ಚಕ್ರದ ಕಾಲು ಮುರಿಯುವ ಸಾಧ್ಯತೆಯಷ್ಟೇ ಉಳಿಯುತ್ತದೆ.