ಸಗರನಾಡು ಮತ್ತು ಪುನರ್ಜನ್ಮ ವಿಚಾರ

‘ಭವ’ವೆಂದರೆ ಹುಟ್ಟು. ಹುಟ್ಟುಸಾವುಗಳ ತಿರುಗಣಿಗೆ ಸಿಕ್ಕವನು ‘ಭವಿ’. ವೀರಶೈವ ಪರಿಭಾಷೆಯಲ್ಲಿ ‘ಭಕ್ತ’ ಎಂಬುದಕ್ಕೆ ಪ್ರತಿಯಾಗಿ ನಿಂತಿರುವುದು ಈ ಪದವೇ. ಪುನರ್ಜನ್ಮವನ್ನು ನಮ್ಮ ಧರ್ಮವು ಹೇಗೆ ಕಂಡಿತೆಂಬುದರ ಸೂತ್ರವು ಇದರಲ್ಲಿಯೇ ಅಡಗಿದೆ. ಈ ವಿಚಾರವನ್ನು ಪರಿಶೀಲಿಸಲು ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಷ್ಟು ತಕ್ಕ ನೆಲ ವಿರಳ.

ಶಹಾಪುರದ ಬೆಟ್ಟಸಾಲನ್ನು ಮಲಗಿದ ಬುದ್ಧನೆಂದು ಜನ ಗುರುತಿಸುತ್ತಾರೆ. ಅದು ಪ್ರಕೃತಿಯ ಆಕಸ್ಮಿಕವಿರಬಹುದು. ಆದರೆ ಭೀಮೆಯ ಆಚೆ ದಡದಲ್ಲಿ, ಸನ್ನತಿಯ ಸಮೀಪದ ಕನಗನಹಳ್ಳಿಯ ಸ್ತೂಪಶಿಲ್ಪಗಳು ಆಕಸ್ಮಿಕವಲ್ಲ. ಅಶೋಕನ ಹೆಸರು ಹೊತ್ತ ಶಿಲ್ಪದೊಡನೆ ಜಾತಕಕಥೆಗಳೂ ಅಲ್ಲಿ ದೊರೆತಿವೆ. ಜಾತಕಗಳೆಂದರೆ ಬುದ್ಧನ ಪೂರ್ವಜನ್ಮದ ಕಥೆಗಳು. ಶರಣರಿಗಿಂತ ಸುಮಾರು ಸಾವಿರ ವರ್ಷ ಮೊದಲೇ ಜನ್ಮಾಂತರದ ಕಲ್ಪನೆ ಈ ಸೀಮೆಯಲ್ಲಿ ಕಲ್ಲಾಗಿ ನಿಂತಿತ್ತು.

ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನನ್ನು 11ನೆಯ ಶತಮಾನದವನೆಂದು ಹೇಳುವುದು ರೂಢಿ. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ ಅಲ್ಲವೆಂಬ ವಾದವೂ ವಿದ್ವಾಂಸರಲ್ಲಿ ಉಂಟು. ರಾಮನಾಥಾಂಕಿತದ ವಚನಗಳಲ್ಲಿ ಒಡಮೂಡುವ ವಿಚಾರ ಮಾತ್ರ ಸ್ಪಷ್ಟವಾಗಿದೆ: ಹೆಣ್ಣು ಗಂಡೆಂಬ ಭೇದವು ದೇಹದ ಗುರುತು, ಒಳಗಿನ ಆತ್ಮಕ್ಕೆ ಅದು ತಾಗದು. ಹುಟ್ಟಿನಿಂದ ಬಂದುದು ಮನುಷ್ಯನ ನಿಜವಲ್ಲವೆಂಬ ಈ ನಿಲುವೇ ಮುಂದಿನ ಶತಮಾನದ ಕಲ್ಯಾಣದಲ್ಲಿ ಆಚಾರವಾಗಿ ಬಲಿಯಿತು.

ದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು ಇಷ್ಟಲಿಂಗವನ್ನು ಕರಸ್ಥಲಕ್ಕೆ ಕೊಡುತ್ತಾನೆ. ಅಂದಿನಿಂದ ಅವನು ಗುರುಕರಜಾತ. ತಾಯಿಯ ಗರ್ಭದಿಂದ ಬಂದ ಹುಟ್ಟು ಅಲ್ಲಿಗೆ ಕಳೆಯಿತು, ಅದರೊಡನೆ ಜಾತಿಸೂತಕವೂ ಕಳೆಯಿತು. ಪಂಚಸೂತಕಗಳಲ್ಲಿ ಜಾತಿಯೂ ಒಂದೆಂದು ಎಣಿಸಿದುದು ಗಮನಾರ್ಹ. ಹೀಗೆ ಪುನರ್ಜನ್ಮವು ಸಾವಿನ ಆಚೆಗಲ್ಲದೆ ಈ ಬದುಕಿನ ನಡುವೆಯೇ ಘಟಿಸುತ್ತದೆ. ಮರಣವು ಲಿಂಗೈಕ್ಯ, ಅಂಗೈಯಲ್ಲಿ ಲಿಂಗವನ್ನಿಟ್ಟು ಕುಳ್ಳಿರಿಸಿ ಸಮಾಧಿಗೊಳಿಸಿದವನಿಗೆ ಮರಳುವ ಮಾತಿಲ್ಲ.

ವಚನಗಳಲ್ಲಿ ಹಿಂದಣ ಜನ್ಮದ ಪ್ರಸ್ತಾಪವೇ ಇಲ್ಲವೆಂದು ಹೇಳಲಾಗದು. ಲೋಕದ ಮನಸ್ಸಂತೂ ಆ ಕಲ್ಪನೆಯನ್ನು ಬಿಡಲಿಲ್ಲ. ಹರಿಹರನ ರಗಳೆಗಳಲ್ಲಿ ಶಿವಗಣಗಳು ಕೈಲಾಸದಿಂದಿಳಿದು ಶರಣರಾಗಿ ಹುಟ್ಟುತ್ತಾರೆ. ಅದು ಕರ್ಮಫಲವೆನ್ನುವುದಕ್ಕಿಂತ ಕಾರ್ಯಾರ್ಥವಾದ ಅವತರಣ. ಕಾಲಜ್ಞಾನ ಸಾಹಿತ್ಯದಲ್ಲಿ ಈ ನಂಬಿಕೆ ಇನ್ನೊಂದು ರೂಪ ತಾಳಿತು. ಕಲ್ಯಾಣದಿಂದ ಚದುರಿದ ಶರಣರು ವೀರವಸಂತರಾಯನೊಡನೆ ಮರಳಿ ಬರುವರೆಂಬ ನಿರೀಕ್ಷೆ ಅದರ ಜೀವಾಳ. ಆ ಪರಂಪರೆಯ ಪ್ರಮುಖ ನೆಲೆಯಾದ ಕೊಡೇಕಲ್ಲು ಇದೇ ಸೀಮೆಯಲ್ಲಿದೆ. ಇಲ್ಲಿ ಮರಳಿ ಹುಟ್ಟಬೇಕಾದುದು ಒಂದು ಜೀವವಲ್ಲ, ಒಂದು ಸಮಾಜ.

ನಿತ್ಯದ ಮಾತಿನಲ್ಲಿ ‘ಏಳೇಳು ಜನ್ಮ’, ‘ಋಣಾನುಬಂಧ’ಗಳು ಉಳಿದಿವೆ. 1980ರಲ್ಲಿ ತೆರೆಕಂಡ ಶಂಕರ್ ನಾಗರ ‘ಜನ್ಮ ಜನ್ಮದ ಅನುಬಂಧ’ ಚಿತ್ರವೂ ಅದೇ ನಂಬಿಕೆಯನ್ನು ಕಥೆಯಾಗಿಸಿತು. ಪ್ರೀತಿಯು ಸಾವನ್ನು ಮೀರಲೆಂಬ ಹಂಬಲದಲ್ಲಿ ದೋಷವೇನೂ ಇಲ್ಲ. ಆದರೆ ಬಡವನ ಬಡತನವನ್ನೂ ಕೆಳಜಾತಿಯೆನಿಸಿಕೊಂಡವನ ಅವಮಾನವನ್ನೂ ‘ಪೂರ್ವಜನ್ಮದ ಪಾಪ’ವೆಂದು ವಿವರಿಸಹೊರಟಾಗ ಅದೇ ನಂಬಿಕೆ ಅನ್ಯಾಯಕ್ಕೆ ಆಸರೆಯಾಗುತ್ತದೆ. ಲಿಂಗಧಾರಿಯ ಬಾಯಲ್ಲಿ ಆ ಮಾತು ಬಂದರೆ ದೀಕ್ಷೆಗೆ ಅರ್ಥವೇ ಉಳಿಯದು. ಗುರುಕರದಲ್ಲಿ ಮರುಹುಟ್ಟು ಪಡೆದವನು ಎದುರಿಗಿರುವವನ ಹುಟ್ಟನ್ನು ಕೇಳುವುದೆಂದರೆ ತಾನೇ ಬಿಟ್ಟುಬಂದ ಭವಕ್ಕೆ ಹಿಂದಿರುಗುವುದೇ ಸರಿ.