ನಮ್ಮ ಹೊಲದಾಗೊಂದು ಕೊಟಗಿ

ಹೋದ ಬ್ಯಾಸಗಿಯಲ್ಲಿ ಮೇಲವಂಕಿಯ ನಮ್ಮ ಕಾಕಾನ ಹೊಲಕ್ಕೆ ಹೋಗಿದ್ದೆ. ಎರಡೆಕರೆ ಹೊಲ. ಮೂಲೆಯಲ್ಲಿ ಕಾಕಾ ನಾಲ್ಕು ಗೂಟ ಬಡಿದು, ಹಗ್ಗ ಕಟ್ಟಿ, ಬೂದಿಯಿಂದ ಗೆರೆ ಹಾಕುತ್ತಿದ್ದ. ಮೂವತ್ತಾರು ಅಡಿ ಉದ್ದ, ಹದಿನಾರು ಅಡಿ ಅಗಲ. ಒಂದೇ ಸೂರಿನ ಅಡಿ ದನ, ಕಾಳು, ನೇಗಿಲು-ಕುಂಟಿ, ಔಷಧ ಹೊಡೆಯುವ ಪಂಪು ಎಲ್ಲ ಇರಬೇಕು. ಕೊನೆಗೊಂದು ಖೋಲಿ. ಆ ಖೋಲಿಯ ಗೆರೆಯ ಹತ್ತಿರವೇ ಅಪ್ಪ-ಮಗನಿಗೆ ಜಗಳ ಹತ್ತಿತ್ತು.

ಮಗ ಅಂದ: "ಅಪ್ಪಾ, ಖೋಲಿ ಯಾಕ? ಆಳು ಇಟ್ಟರ ದನದ ಮಗ್ಗಲಕ್ಕ ಒಂದು ಹೊರಸು ಹಾಕಿದರಾತು. ರಾತ್ರಿ ದನಾನೂ ಕಾದಂಗಾತು."

ಕಾಕಾ ಕೈಯಲ್ಲಿದ್ದ ಬೂದಿ ಬುಟ್ಟಿ ಕೆಳಗಿಟ್ಟ. "ನಾ ಸಾಯೂತನಕ ನನ್ನ ಕೊಟಗ್ಯಾಗ ಯಾವ ಮನಷ್ಯಾನೂ ದನದ ಜೋಡಿ ಮಲಗೂದಿಲ್ಲ. ನಾ ಮಲಗೀನಿ. ಅಷ್ಟ ಸಾಕು."

ಓದುಗ ಗೆಳೆಯರೇ, ಈ ಒಂದು ಮಾತಿನ ಹಿಂದೆ ಎಷ್ಟು ದೊಡ್ಡ ಚರಿತ್ರೆ ಇದೆ ಎಂಬುದನ್ನು ಹೇಳಲು ಈ ಲೇಖನ. ಕೋಟೆಗಳಿಗೆ, ಗುಡಿಗಳಿಗೆ, ವಾಡೆಗಳಿಗೆ ಚರಿತ್ರೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ದನದ ಕೊಟ್ಟಿಗೆಗೆ ಚರಿತ್ರೆ ಬರೆದವರು ಯಾರು? ಮಹಾತ್ಮಾ ಫುಲೆ 1883ರಲ್ಲಿ ರೈತನ ದುಃಸ್ಥಿತಿಯ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದಾಗ ರೈತನ ಮನೆ, ದನ ಕಟ್ಟುವ ಜಾಗ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದರು. ಅಲ್ಲಿಂದ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಕೇಳಬೇಕಾದ ಪ್ರಶ್ನೆ ಉಳಿದಿದೆ. ಆ ದನದ ಮಗ್ಗುಲಲ್ಲಿ ಮಲಗಿದ ಹುಡುಗ ಯಾರು? ಅವನ ಮನೆಯಲ್ಲಿ ಕೊಟ್ಟಿಗೆ ಯಾಕೆ ಇರಲಿಲ್ಲ?

ಕೊಟ್ಟಿಗೆ ಎಂದರೆ ಬರೀ ದನ ಕಟ್ಟುವ ಜಾಗವಲ್ಲ. ಅದು ಉಳಿತಾಯ. ಇಂದು ತಿನ್ನದೆ ನಾಳೆಗೆ ಇಟ್ಟುಕೊಳ್ಳುವಷ್ಟು ಇದ್ದವನಿಗೆ ಮಾತ್ರ ಇಡುವ ಜಾಗ ಬೇಕಾಗುತ್ತದೆ. ಗೌಡರ, ದೇಸಾಯರ ಮನೆಗಳಲ್ಲಿ ಹಗೇವು ಇತ್ತು, ಹಿತ್ತಲಲ್ಲಿ ಕಣಿಕಿಯ ಬಣವಿ ಇತ್ತು. ಹಗೇವು ತೆಗೆದವರು ನಮ್ಮವರು, ಬಣವಿ ಒಟ್ಟಿದವರು ನಮ್ಮವರು. ನಮ್ಮ ಕೇರಿಯಲ್ಲಿ ಗಡಿಗೆಗಳಿದ್ದವು. ಗಡಿಗೆ ತುಂಬಿದರೆ ಅದೇ ಹಬ್ಬ.

ಹಾಗಾದರೆ ನಮ್ಮವರಿಗೆ ಹೊಲವೇ ಇರಲಿಲ್ಲವೇ? ಇತ್ತು. ಆದರೆ ಅದು ಚಾಕರಿಯ ಹೊಲ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1874ರ ವತನ ಕಾಯಿದೆ ಊರ ಚಾಕರಿಯನ್ನು ವಂಶಪಾರಂಪರ್ಯ ಎಂದು ಗಟ್ಟಿಮಾಡಿತು. ಓಲೆ ಒಯ್ಯಬೇಕು, ಸಾಹೇಬರು ಬಂದರೆ ಮುಂದೆ ಓಡಬೇಕು, ಗಡಿ ಕಾಯಬೇಕು, ಸತ್ತ ದನ ಎಳೆಯಬೇಕು. ಹಗಲು-ರಾತ್ರಿ ಎಂಬ ಲೆಕ್ಕವಿಲ್ಲ. ಗಂಡಸು ಇಲ್ಲದಿದ್ದರೆ ಮನೆಯಲ್ಲಿದ್ದ ಇನ್ನೊಬ್ಬರು ಹೋಗಬೇಕು. ಇದಕ್ಕೆ ಪ್ರತಿಫಲ ಒಂದು ತುಂಡು ವತನದ ಹೊಲ ಮತ್ತು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಉಡಿಯೊಡ್ಡಿ ತೆಗೆದುಕೊಳ್ಳುವ ಆಯ. ಕೊಡುವವನು ಸಿಟ್ಟಾದರೆ ಆಯವೂ ಇಲ್ಲ. ಚಾಕರಿ ತಪ್ಪಿದರೆ ಹೊಲವೂ ಇಲ್ಲ. ಇಂಥ ಹೊಲದಲ್ಲಿ ಯಾರು ಕಲ್ಲಿನ ಪಾಯ ಹಾಕಿ ಕೊಟಗಿ ಕಟ್ಟುತ್ತಾರೆ?

ಇದನ್ನು ಕಾಯಿದೆಯ ಭಾಷೆಯಲ್ಲಿ ಹಿಡಿದು ಜಗ್ಗಿದವರು ಬಾಬಾಸಾಹೇಬರು. 1925ರಲ್ಲಿ ನಮ್ಮ ಜಿಲ್ಲೆಯದೇ ಆದ ನಿಪ್ಪಾಣಿಯಲ್ಲಿ ಅಸ್ಪೃಶ್ಯರ ಪ್ರಾಂತೀಯ ಪರಿಷತ್ತು ನಡೆದಾಗ ಅವರು ಬಂದಿದ್ದರು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ವತನ ಕಾಯಿದೆಯ ತಿದ್ದುಪಡಿಗೆ ಮಸೂದೆ ತಂದರು. ಅವರ ವಾದ ಸರಳ: ಆಯದ ಭಿಕ್ಷೆ ಬೇಡ, ಅದನ್ನು ಹಣದ ರೂಪದಲ್ಲಿ ಸರ್ಕಾರವೇ ವಸೂಲು ಮಾಡಿ ಕೊಡಲಿ; ಚಾಕರಿ ಒಲ್ಲೆ ಎನ್ನುವವರು ಪೂರ್ತಿ ಕಂದಾಯ ಕಟ್ಟಿ ಹೊಲವನ್ನು ಸ್ವಂತ ಮಾಡಿಕೊಳ್ಳಲಿ. ಮಸೂದೆ ಕಾಯಿದೆಯಾಗಲಿಲ್ಲ. ಆದರೆ ಅಂದು ಅವರು ಕೇಳಿದ್ದು ಇದನ್ನೇ: ನಮ್ಮ ಹೊಲ ನಮ್ಮದಾಗಲಿ.

ಅದು ಆಗಲು ಇನ್ನೂ ಮೂವತ್ತೈದು ವರ್ಷ ಹಿಡಿಯಿತು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಚಾಕರಿ ಹೋಯಿತು. ಹೊಲವನ್ನು ಸರ್ಕಾರ ವಾಪಸು ತೆಗೆದುಕೊಂಡು, ಹಣ ಕಟ್ಟಿಸಿಕೊಂಡು ಮೊದಲಿನ ವತನದಾರರಿಗೇ ಮರುಮಂಜೂರು ಮಾಡಬೇಕು ಎಂದಾಯಿತು. ಕಾಗದದಲ್ಲಿ ಒಳ್ಳೆಯದೇ. ಆದರೆ ಅಕ್ಷರ ಗೊತ್ತಿಲ್ಲದವನಿಗೆ ಅರ್ಜಿ ಬರೆದುಕೊಟ್ಟವರು ಯಾರು? ಕಟ್ಟಲು ರೊಕ್ಕ ಸಾಲ ಕೊಟ್ಟವರು ಯಾರು? ಆ ಸಾಲಕ್ಕೆ ಒತ್ತೆ ಹೋದದ್ದು ಏನು? ಒಮ್ಮೊಮ್ಮೆ ಹೊಲ. ಒಮ್ಮೊಮ್ಮೆ ಮಗ.

ನಮ್ಮ ಕಾಕಾ ಹಾಗೆ ಹೋದವನು. ಹತ್ತು-ಹನ್ನೊಂದು ವರ್ಷದ ಹುಡುಗ. ಅಪ್ಪನ ಸಾಲಕ್ಕೆ ಒಬ್ಬ ಸಾವುಕಾರನ ಮನೆಯಲ್ಲಿ ದುಡಿಯಲು ಇಟ್ಟರು. ಎಮ್ಮೆಗಳ ಗ್ವಾದಲಿಯ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಮಲಗುತ್ತಿದ್ದ. "ಥಂಡಿ ದಿವಸದಾಗ ಎಮ್ಮಿ ಮೈ ಬೆಚ್ಚಗಿರತೈತಿ, ಅದಕ್ಕ ಅಂಟಿ ಮಲಗತಿದ್ದೆ. ಮಳಿಗಾಲದಾಗ ಗಂಜಲ ಚೀಲದಾಗ ಇಳೀತಿತ್ತು" ಎಂದು ಹೇಳುತ್ತಾನೆ. ಮುಟ್ಟಿಸಿಕೊಳ್ಳದ ಮನೆಯೊಳಗೆ ಕೊಟ್ಟಿಗೆಯ ಮಟ ಮಾತ್ರ ಅವನಿಗೆ ಪ್ರವೇಶ. ಜೀತ ನಿಷೇಧದ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯಿದೆ 1976ರಲ್ಲಿ. ಅಷ್ಟೊತ್ತಿಗೆ ಅವನು ಮೀಸೆ ಬಂದ ಗಂಡಸು.

ಅದೇ ಕಾಲದಲ್ಲಿ, 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ರಾಜ್ಯಕ್ಕೇ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಬೂಸಾ ಎಂದರೆ ದನದ ತಿನಿಸು. ಆ ಮಾತಿಗೆ ಸಿಟ್ಟಾದವರ ಮನೆಯಲ್ಲಿ ಬೂಸಾ ಇಡಲು ಕೋಣೆ ಇತ್ತು. ಆ ಬೂಸಾ ಕಲಸಿ ಹಾಕಿದ ಕೈಗಳಿಗೆ ಮಲಗಲು ಕೋಣೆ ಇರಲಿಲ್ಲ. ನಮ್ಮ ಚಳುವಳಿ ಹುಟ್ಟಿದ್ದು ಈ ಎರಡರ ನಡುವಿನ ಜಾಗದಲ್ಲಿ.

ಭೂಸುಧಾರಣೆ ಬಂತಲ್ಲ ಎನ್ನಬಹುದು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿದಾರರು ಏಳನೇ ನಮೂನೆ ಅರ್ಜಿ ಹಾಕಿದರು, ಹೊಲ ಪಡೆದರು. ದೊಡ್ಡ ಕೆಲಸವೇ. ಆದರೆ ಜೀತದಾಳು ಗೇಣಿದಾರನಲ್ಲ. ಅವನ ಹೆಸರು ಯಾವ ಪಹಣಿಯಲ್ಲೂ ಇಲ್ಲ. 1978ರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ತಡೆಯುವ ಕಾಯಿದೆ ಬಂತು. ಅದರ ವ್ಯಾಖ್ಯೆಯನ್ನು ಕಾರ್ಯಕರ್ತರು ಕಣ್ಣಿಟ್ಟು ಓದಬೇಕು: ವಂಶಪಾರಂಪರ್ಯ ಹುದ್ದೆಗಳ ರದ್ದತಿಯಿಂದ ಬಂದ ಹೊಲ ಅದರೊಳಗೆ ಬರುವುದಿಲ್ಲ. ಅಂದರೆ ವತನದ ಹೊಲ ಕಳೆದುಕೊಂಡವನು ಆ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ. ಅವನು 1961ರ ಕಾಯಿದೆಯನ್ನೇ ಹಿಡಿದು ಹೋಗಬೇಕು. ಇದು ಗೊತ್ತಿಲ್ಲದೆ ಅಲೆದ ಮಂದಿ ನಮ್ಮಲ್ಲಿದ್ದಾರೆ.

ಇನ್ನು ನೀರು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದದ್ದು 1897ರ ಹೊತ್ತಿಗೆ. ಆಮೇಲೆ ಹಿಡಕಲ್ ಅಣೆಕಟ್ಟು. ಕಾಲುವೆ ಸೀಮೆಯಲ್ಲಿ ಜೋಳ ಹಿಂದೆ ಸರಿದು ಕಬ್ಬು ಬಂತು. ಕಬ್ಬಿನ ಜೋಡಿ ಕಾರ್ಖಾನೆ, ಟ್ರ್ಯಾಕ್ಟರು, ಸಾಲ. ಅದೇ ನದಿ 2019ರ ಆಗಸ್ಟಿನಲ್ಲಿ ದಂಡೆ ಬಿಟ್ಟು ಗೋಕಾಕ, ಮೂಡಲಗಿ ಸೀಮೆಯ ಊರುಗಳೊಳಗೆ ನುಗ್ಗಿತು. ಕಾಕಾನ ಬಾವಿಯ ಹತ್ತಿರ ನೀರು ಮೊಣಕಾಲಮಟ ನಿಂತಿತ್ತು. ತಟ್ಟಿಯ ಛಪ್ಪರದಲ್ಲಿದ್ದ ಜೋಳದ ಚೀಲ ನೆನೆದು ಮೊಳಕೆ ಬಂದವು.

ಆದ್ದರಿಂದ ಬೂದಿಯ ಗೆರೆಯ ಹತ್ತಿರ ಕೂತು ನಾವು ಲೆಕ್ಕ ಹಾಕಿದೆವು. ಕೊಟಗಿ ಬಾವಿಯ ಹತ್ತಿರ ಬೇಡ, ಹೊಲದ ಎತ್ತರದ ಮೂಲೆಗೆ ಇರಲಿ. ಪಾಯ ನೆಲದಿಂದ ಎರಡೂವರೆ ಅಡಿ ಮೇಲೆ, ದನ ಹತ್ತಲು ಇಳಿಜಾರು. ಉದ್ದ ಪೂರ್ವ-ಪಶ್ಚಿಮಕ್ಕೆ ಇದ್ದರೆ ಮಧ್ಯಾಹ್ನದ ಬಿಸಿಲು ಒಳಗೆ ಬೀಳುವುದು ಕಡಿಮೆ. ನಮ್ಮ ಕಡೆ ಮಳೆಗಾಳಿ ಪಡುವಣದಿಂದ. ಅದಕ್ಕೆ ಪೂರ್ವದ ಹನ್ನೆರಡು ಅಡಿ ದನಕ್ಕೆ. ಒಂದು ದೊಡ್ಡ ದನಕ್ಕೆ ಮೂವತ್ತೆಂಟು ಚದರಡಿಯಷ್ಟು ಸೂರು ಬೇಕು. ಎರಡೆತ್ತು, ಎರಡೆಮ್ಮೆ, ಕರುಗಳಿಗೆ ಇಷ್ಟು ಸಾಕು. ನೆಲಕ್ಕೆ ಇಳಿಜಾರು ಕೊಟ್ಟು ಗಂಜಲ ತಿಪ್ಪೆಗುಂಡಿಗೆ ಹರಿಯಬೇಕು. ನಂತರ ಎಂಟಡಿ ನೇಗಿಲು, ಪಂಪು, ಗೊಬ್ಬರಕ್ಕೆ; ಬೆಳೆಗೆ ಹೊಡೆಯುವ ವಿಷಕ್ಕೆ ಅಲ್ಲಿಯೇ ಕೀಲಿ ಹಾಕುವ ಪೆಟ್ಟಿಗೆ. ನಂತರ ಎಂಟಡಿ ಕಾಳಿಗೆ, ಬೀಜಕ್ಕೆ. ನಡುವೆ ಪೂರ್ತಿ ಗೋಡೆ, ಬಾಗಿಲು ಬೇರೆ. ವಿಷ, ಕಾಳು ಒಂದೇ ಗಾಳಿಯಲ್ಲಿ ಇರಬಾರದು. ಕಣಿಕಿ ಬಣವಿ ಮಾತ್ರ ದೂರ, ಬೆಂಕಿಯ ಭಯಕ್ಕೆ.

ಪಡುವಣದ ಕೊನೆಯ ಎಂಟಡಿಯೇ ಜಗಳದ ಖೋಲಿ. ಸೊಸಿ ಅಲ್ಲಿಯತನಕ ಸುಮ್ಮನೆ ನಿಂತಿದ್ದಳು. "ಖೋಲಿಗೆ ಕಿಡಕಿ ಇರ್ಲಿ, ಒಳಗ ಚಿಲಕ ಇರ್ಲಿ, ಒಂದು ಲೈಟ್ ಇರ್ಲಿ. ಹೊಲಕ್ಕ ಬಂದ ಹೆಣ್ಮಕ್ಕಳು ಅರಿವಿ ಬದಲಿಸಾಕ ಕಬ್ಬಿನ ಸಂದಿಗೆ ಹೋಗಬೇಕೇನ? ಮಗಳು ಓದಾಕ ಎಲ್ಲಿ ಕೂಡಬೇಕು?" ಅಂದಳು. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಸಗಣಿ ಬಾಚುವವಳು ಅವಳು, ಹಾಲು ಹಿಂಡುವವಳು ಅವಳು. ಕೊಟಗಿಯ ನಕಾಶೆ ಮೊದಲು ಅವಳನ್ನೇ ಕೇಳಿ ಹಾಕಬೇಕಾಗಿತ್ತು.

ಅಷ್ಟಾದರೂ ಕೊಟಗಿ ಏಳಲಿಲ್ಲ. ಯಾಕೆ? ಉತಾರ ತೆಗೆಸಿದಾಗ ಹೊಲದ ಮೇಲೆ ಹನ್ನೊಂದು ಹೆಸರು! ವತನದ ಹಿಸೆದಾರರು, ಸತ್ತ ಅಣ್ಣ-ತಮ್ಮಂದಿರು, ಊರು ಬಿಟ್ಟು ಗಿರಣಿಗೆ ಹೋದವರು. ಬ್ಯಾಂಕು ಸಾಲಕ್ಕೂ, ಸರ್ಕಾರದ ಸಹಾಯಕ್ಕೂ ಬೇರೆ ಉತಾರ ಬೇಕು. 2005ರ ಉದ್ಯೋಗ ಖಾತ್ರಿ ಕಾಯಿದೆಯಡಿ ಪರಿಶಿಷ್ಟರ ಹೊಲದಲ್ಲಿ ದನದ ಕೊಟ್ಟಿಗೆ ಕಟ್ಟಲು ಅವಕಾಶವಾಗಿತ್ತು. ಆಗಲೂ ಕಾಕಾ ಈ ಹನ್ನೊಂದು ಹೆಸರಿನ ಕಾರಣಕ್ಕೇ ಕೈಬಿಟ್ಟಿದ್ದ. 1964ರ ಭೂಕಂದಾಯ ಕಾಯಿದೆ ಸಾಗುವಳಿಗೆ ಬೇಕಾದ ಕಟ್ಟಡವನ್ನು ರೈತ ತನ್ನ ಹೊಲದಲ್ಲಿ ಕಟ್ಟಿಕೊಳ್ಳಬಹುದು ಎನ್ನುತ್ತದೆ. ನಮ್ಮವರ ತೊಡಕು "ತನ್ನ ಹೊಲ" ಎಂಬ ಎರಡು ಶಬ್ದಗಳಲ್ಲಿದೆ.

ಈಗ ವಾಟ್ನಿಗೆ ಕೂತಿದ್ದಾರೆ. ಇಬ್ಬರು ಒಪ್ಪಿಲ್ಲ. ಒಬ್ಬನ ವಾರಸದಾರರನ್ನು ಹುಡುಕಬೇಕಾಗಿದೆ. ಈ ವಾಟ್ನಿಯಲ್ಲಿ ಸೊಸಿಯ ಹೆಸರೂ ಬರೆಸು ಎಂದು ಕಾಕಾನಿಗೆ ಹೇಳಿ ಬಂದಿದ್ದೇನೆ. "ನೋಡೂನು" ಅಂದ. ಅದಿನ್ನೊಂದು ಜಗಳ. ಅದೂ ಆಗಬೇಕಾದ ಜಗಳವೇ.

ಹಳ್ಳಿಯ ಮಾಸ್ತರರಿಗೆ, ಓದುವ ಹುಡುಗರಿಗೆ ಒಂದು ಮಾತು. ನಿಮ್ಮ ಕೇರಿಯ ಹಿರಿಯರ ಹತ್ತಿರ ಹೋಗಿ "ಸಣ್ಣವನಿದ್ದಾಗ ಎಲ್ಲಿ ಮಲಗುತ್ತಿದ್ದಿ?" ಎಂದು ಕೇಳಿ ಬರೆದುಕೊಳ್ಳಿರಿ. ಅದು ಚರಿತ್ರೆ. ಆಮೇಲೆ ಅವರ ಉತಾರ ತೆಗೆಸಿ ಓದಿ ಹೇಳಿರಿ. ಅದು ಚಳುವಳಿ. ಮೇಲವಂಕಿಯ ಹೊಲದಲ್ಲಿ ಬೂದಿಯ ಗೆರೆ ಮೊದಲ ಮಳೆಗೆ ಅಳಿಸಿಹೋಯಿತು. ಗೂಟಗಳನ್ನು ಕಾಕಾ ಕೀಳಲು ಬಿಟ್ಟಿಲ್ಲ. ಎತ್ತು ಹೊಡೆಯುವಾಗ ಅವುಗಳನ್ನು ಸುತ್ತಿಕೊಂಡು ಹೋಗುತ್ತಾನೆ.